ಚಿಪ್ ಲೆವೆಲ್: ಜೀವನ್ ಬಿಮಾ ನಗರದ ಟಿಪ್ಪಣಿಗಳು

1

ಬೆಂಗಳೂರಿನ ಜೀವನ್ ಬಿಮಾ ನಗರ, ಹೊಸ ತಿಪ್ಪಸಂದ್ರ, ಕೋಡಿಹಳ್ಳಿ. ಮೂರೂ ಕಡೆ ಲ್ಯಾಪ್‌ಟಾಪ್ ರಿಪೇರಿ ಅಂಗಡಿಗಳಿವೆ. ಬೋರ್ಡಿನ ಮೇಲೆ ‘ಚಿಪ್ ಲೆವೆಲ್ ಸರ್ವಿಸ್’ ಎಂಬ ಮಾತು ಇದ್ದೇ ಇರುತ್ತದೆ. ಒಳಗೆ ಉದ್ದನೆಯ ಮೇಜು, ಬಿಸಿಗಾಳಿ ಊದುವ ಗನ್, ಭೂತಗನ್ನಡಿ ಜೋಡಿಸಿದ ದೀಪ, ಸ್ಕ್ರೂ ತುಂಬಿದ ಡಬ್ಬಿಗಳು. ಬಿಚ್ಚಿಟ್ಟ ಲ್ಯಾಪ್‌ಟಾಪುಗಳ ಮೇಲೆ ಗಿರಾಕಿಯ ಹೆಸರು ಬರೆದ ಚೀಟಿ.

2

ಗಿರಾಕಿಗಳು ಹೇಳುವುದು:

‘ಆನ್ ಮಾಡಿ ಕಾಫಿ ಮಾಡ್ಕೊಂಡು ಬಂದ್ರೂ ಇನ್ನೂ ಸುತ್ತುತ್ತಾನೇ ಇರುತ್ತೆ.’

‘ವಿಡಿಯೋ ಕಾಲ್‌ಗೆ ಕೂತ್ರೆ ಸಾಕು, ತೊಡೆ ಸುಡುತ್ತೆ.’

‘ತಗೊಂಡಾಗ ಚೆನ್ನಾಗೇ ಇತ್ತು.’

ಮೂರನೆಯ ಮಾತನ್ನು ಹೇಳದವರಿಲ್ಲ.

3

ಪ್ರೊಸೆಸರಿಗೆ ನಾವು ಅಂದುಕೊಂಡಂತೆ ವಯಸ್ಸಾಗುವುದಿಲ್ಲ. ಸಿಲಿಕಾನ್ ಕೂಡ ಸವೆಯುತ್ತದೆ, ಆದರೆ ಮನೆಯ ಬಳಕೆಯಲ್ಲಿ ಹತ್ತು ವರ್ಷಕ್ಕೆ ಅದು ಗಮನಕ್ಕೆ ಬರುವಷ್ಟಲ್ಲ. 2016ರಲ್ಲಿ ಸೆಕೆಂಡಿಗೆ 250 ಕೋಟಿ ಸಲ ಮಿಡಿಯುತ್ತಿದ್ದ ಚಿಪ್ ಇವತ್ತೂ ಅಷ್ಟೇ ಮಿಡಿಯಬಲ್ಲದು. ಲ್ಯಾಪ್‌ಟಾಪ್ ಮಾತ್ರ ನಿಧಾನವಾಗಿದೆ.

4

ಮೇಜಿನ ಮೇಲೆ ಒಂದು ಲ್ಯಾಪ್‌ಟಾಪ್. ವೇಗ 2.5 ಗಿಗಾಹರ್ಟ್ಸ್ ಇರಬೇಕು. ಪರದೆ ತೋರಿಸುತ್ತಿರುವುದು 0.79. ಅಂಗಡಿಯವರು ಬೇರೆ ಅಡಾಪ್ಟರ್ ಚುಚ್ಚಿದರು. 2.9ಕ್ಕೆ ಏರಿತು.

ಕಾರಣ ಕೇಳಿದೆ. ಕೆಲವು ಕಂಪನಿಗಳ ಅಡಾಪ್ಟರಿನಲ್ಲಿ ವಿದ್ಯುತ್ತಿನ ಎರಡು ತಂತಿಗಳ ಜೊತೆ ತೆಳ್ಳನೆಯ ಮೂರನೆಯದೊಂದು ಇರುತ್ತದೆ. ತಾನು ಎಷ್ಟು ವ್ಯಾಟಿನದು ಎಂದು ಅಡಾಪ್ಟರು ಲ್ಯಾಪ್‌ಟಾಪಿಗೆ ತಿಳಿಸುವುದು ಅದರ ಮೂಲಕ. ಆ ಎಳೆ ತುಂಡಾದರೆ ವಿದ್ಯುತ್ ಬರುತ್ತದೆ, ಗುರುತು ಬರುವುದಿಲ್ಲ. ಗುರುತು ಸಿಗದಿದ್ದರೆ ಪ್ರೊಸೆಸರು ತನ್ನ ವೇಗವನ್ನು ಕಡೆಯ ಮಟ್ಟಕ್ಕೆ ಇಳಿಸಿಕೊಳ್ಳುತ್ತದೆ.

ಆ ಲ್ಯಾಪ್‌ಟಾಪಿನವರು ಹೊಸದರ ಬೆಲೆ ವಿಚಾರಿಸಿಕೊಂಡು ಬಂದಿದ್ದರು.

5

ಇಂಟೆಲ್‌ನ ಬಹಳಷ್ಟು ಲ್ಯಾಪ್‌ಟಾಪ್ ಚಿಪ್‌ಗಳಿಗೆ 100 ಡಿಗ್ರಿ ಸೆಲ್ಸಿಯಸ್ ಗಡಿ. ಅಲ್ಲಿಗೆ ಬಂದ ತಕ್ಷಣ ಚಿಪ್ ತಾನಾಗಿ ನಿಧಾನಿಸುತ್ತದೆ. ತಣ್ಣಗಾದರೆ ಮತ್ತೆ ಓಡುತ್ತದೆ, ಮತ್ತೆ ಕಾಯುತ್ತದೆ, ಮತ್ತೆ ನಿಧಾನಿಸುತ್ತದೆ. ಸೆಕೆಂಡಿನಲ್ಲಿ ಹಲವು ಸಲ ಇದು ನಡೆಯುವುದರಿಂದ ಎದುರು ಕೂತವರಿಗೆ ‘ಸ್ಲೋ’ ಎಂದಷ್ಟೇ ಗೊತ್ತಾಗುತ್ತದೆ.

ಚಿಪ್‌ಗೂ ತಾಮ್ರದ ಕೊಳವೆಗೂ ನಡುವೆ ಬೂದು ಬಣ್ಣದ ಪೇಸ್ಟ್ ಇರುತ್ತದೆ. ಶಾಖವನ್ನು ದಾಟಿಸುವುದು ಅದರ ಕೆಲಸ. ಕೆಲವು ವರ್ಷಗಳಲ್ಲಿ ಒಣಗಿ ಬಿರುಕು ಬಿಡುತ್ತದೆ. ಹಳೆಯದನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಹೊಸದನ್ನು ಅವರೆಕಾಳಿಗಿಂತ ಚಿಕ್ಕದಾಗಿ ಇಡುತ್ತಾರೆ. ಹೆಚ್ಚು ಹಾಕಿದರೆ ಒಳ್ಳೆಯದಲ್ಲವೇ ಎಂದು ಕೇಳಿದರೆ, ಅಲ್ಲ.

6

ರಿಪೇರಿಯವರು ಧೂಳನ್ನು ಓದುತ್ತಾರೆ. ಫ್ಯಾನಿನ ಬಾಯಲ್ಲಿ ಹತ್ತಿಯ ಎಳೆ ಸಿಕ್ಕರೆ ಹಾಸಿಗೆಯ ಮೇಲಿಟ್ಟು ಕೆಲಸ ಮಾಡುವವರದು. ಅಂಟಂಟಾಗಿದ್ದರೆ ಅಡುಗೆಮನೆಯ ಪಕ್ಕದ ಮೇಜು. ಕೆಂಪಗಿದ್ದರೆ ಅವರ ಬೀದಿಯಲ್ಲಿ ಅಗೆತ ನಡೆದಿದೆ. ಕೂದಲಿದ್ದರೆ ನಾಯಿಯೋ ಬೆಕ್ಕೋ ಎಂದು ಕೇಳುತ್ತಾರೆ.

ಧೂಳು ಫ್ಯಾನಿನ ಮೇಲಿರುವುದಕ್ಕಿಂತ ಅದರ ಮುಂದಿನ ಜಾಲರಿಯ ಒಳಬದಿಗೆ ಹೆಚ್ಚು. ಗಾಳಿ ಹೊರಗೆ ಹೋಗುವ ದಾರಿಯಲ್ಲಿ ಚಾಪೆ ಹಾಸಿದ ಹಾಗೆ ಕೂತಿರುತ್ತದೆ. ಇಕ್ಕಳದಲ್ಲಿ ಹಿಡಿದೆಳೆದರೆ ಒಂದೇ ತುಂಡಾಗಿ ಬರುತ್ತದೆ.

7

ಒಂದೇ ಚಿಪ್ ಇರುವ ಎರಡು ಲ್ಯಾಪ್‌ಟಾಪ್. ಒಂದು ದಪ್ಪ, ಇನ್ನೊಂದು ತೆಳು. ಬೆಲೆ ತೆಳುವಿನದೇ ಹೆಚ್ಚು. ಅರ್ಧ ಗಂಟೆ ಭಾರದ ಕೆಲಸ ಕೊಟ್ಟರೆ ಮುಂದೆ ಹೋಗುವುದು ದಪ್ಪನೆಯದು.

8

ಹಳೆಯ ಹಾರ್ಡ್ ಡಿಸ್ಕಿನೊಳಗೆ ತಟ್ಟೆ ತಿರುಗುತ್ತದೆ, ಸಾಮಾನ್ಯವಾಗಿ ನಿಮಿಷಕ್ಕೆ 5,400 ಸುತ್ತು. ಬೇಕಾದ ಜಾಗಕ್ಕೆ ಕೈ ಚಾಚಿ, ತಟ್ಟೆ ಅಲ್ಲಿಗೆ ತಿರುಗಿ ಬರುವವರೆಗೆ ಕಾಯಬೇಕು. ಒಂದು ಸಲಕ್ಕೆ ಸುಮಾರು 15 ಮಿಲಿಸೆಕೆಂಡ್. ಮನುಷ್ಯರಿಗೆ ಅದು ಲೆಕ್ಕಕ್ಕಿಲ್ಲ. ಅಷ್ಟು ಹೊತ್ತಿನಲ್ಲಿ 2.5 ಗಿಗಾಹರ್ಟ್ಸ್ ಪ್ರೊಸೆಸರು ಮೂರು ಮುಕ್ಕಾಲು ಕೋಟಿ ಸಲ ಮಿಡಿಯುತ್ತದೆ, ಕಾಯುತ್ತಾ.

ಅದರ ಬದಲಿಗೆ ಬಂದ ಎಸ್‌ಎಸ್‌ಡಿಯಲ್ಲಿ ತಿರುಗುವುದು ಏನೂ ಇಲ್ಲ. ಕಾಯುವುದು ಮಿಲಿಸೆಕೆಂಡಿನ ಹತ್ತನೇ ಒಂದು ಭಾಗ, ಅಥವಾ ಅದಕ್ಕೂ ಕಡಿಮೆ. ಒಂದು ಕಂಪ್ಯೂಟರ್ ಆನ್ ಆಗುವಾಗ ಡಿಸ್ಕಿನಿಂದ ಸಾವಿರಾರು ಚೂರುಗಳನ್ನು ಓದುತ್ತದೆ. ಗುಣಿಸಿದರೆ ಕಾಫಿ ಮಾಡಿಕೊಂಡು ಬರುವಷ್ಟು ಹೊತ್ತು ಎಲ್ಲಿಂದ ಬಂತು ಎಂದು ಗೊತ್ತಾಗುತ್ತದೆ.

ನಿಧಾನವೆಂದು ಬೈಸಿಕೊಳ್ಳುವುದು ಪ್ರೊಸೆಸರ್. ‘ಐ ತ್ರೀ ಅಲ್ವಾ, ಅದಕ್ಕೇ.’

9

‘ಎಸ್‌ಎಸ್‌ಡಿ ಹಾಕಿದ್ರೆ ಹೊಸದರ ಥರ ಆಗುತ್ತೆ ಆಂಟಿ.’

‘ಎಷ್ಟು ವರ್ಷ ಬರುತ್ತಪ್ಪಾ?’

‘ಮಗಳ ಡಿಗ್ರಿ ಮುಗಿಯೋವರೆಗೂ ಬರುತ್ತೆ.’

ಅವರು ಚೀಲದಿಂದ ಲ್ಯಾಪ್‌ಟಾಪ್ ತೆಗೆದುಕೊಟ್ಟರು. ಬಟ್ಟೆಯಲ್ಲಿ ಸುತ್ತಿತ್ತು.

10

ಒಂದು ಸಲ ಪ್ರೊಸೆಸರುಗಳೇ ನಿಧಾನವಾದವು. 2018ರ ಜನವರಿಯಲ್ಲಿ ಸ್ಪೆಕ್ಟರ್, ಮೆಲ್ಟ್‌ಡೌನ್ ಎಂಬ ಎರಡು ದೋಷಗಳು ಬಯಲಾದವು. ಮುಂದೇನು ಕೆಲಸ ಬರಬಹುದು ಎಂದು ಊಹಿಸಿ ಮೊದಲೇ ಮಾಡಿಟ್ಟುಕೊಳ್ಳುವುದು ಆಧುನಿಕ ಚಿಪ್‌ಗಳ ಜಾಣತನ. ಆ ಊಹೆಯ ಜಾಡಿನಿಂದಲೇ ಗುಟ್ಟು ಸೋರುತ್ತದೆ ಎಂದು ತಿಳಿಯಿತು. ತೇಪೆ ಹಾಕಿದರು. ತೇಪೆಯ ಭಾರ ಹೊಸ ಚಿಪ್‌ಗಳಿಗಿಂತ ಹಳೆಯವುಗಳ ಮೇಲೆ ಹೆಚ್ಚು ಬಿತ್ತು.

11

ಇದೇ ಪ್ರದೇಶದಲ್ಲಿ ಹಳೆ ಮದರಾಸು ರಸ್ತೆಯಿಂದ ಹಳೆ ವಿಮಾನ ನಿಲ್ದಾಣ ರಸ್ತೆಗೆ ಹೋಗುವ ದಾರಿಯ ಹೆಸರು ಸುರಂಜನ್ ದಾಸ್ ರಸ್ತೆ. ಗ್ರೂಪ್ ಕ್ಯಾಪ್ಟನ್ ಸುರಂಜನ್ ದಾಸ್ ವಿಮಾನ ಕಾರ್ಖಾನೆ ಎಚ್‌ಎಎಲ್‌ನ ಪರೀಕ್ಷಾ ಪೈಲಟ್. 1961ರ ಜೂನ್‌ನಲ್ಲಿ ಇಲ್ಲಿಂದ ಮೊದಲು ಹಾರಿದ ಎಚ್‌ಎಫ್-24 ಮಾರುತ್ ಯುದ್ಧವಿಮಾನದ ವಿನ್ಯಾಸ ಜರ್ಮನಿಯ ಕುರ್ಟ್ ಟ್ಯಾಂಕ್ ಅವರ ನೇತೃತ್ವದ್ದು. ವಿಮಾನದ ಮೈಕಟ್ಟು ಚೆನ್ನಾಗಿತ್ತು. ಅದಕ್ಕೆ ತಕ್ಕ ಬಲದ ಎಂಜಿನ್ ಸಿಗಲಿಲ್ಲ. ಇದ್ದ ಆರ್ಫಿಯಸ್ ಎಂಜಿನ್‌ಗೇ ಆಫ್ಟರ್‌ಬರ್ನರ್ ಜೋಡಿಸಿ ಹೆಚ್ಚಿನ ಬಲ ಪಡೆಯುವ ಪ್ರಯತ್ನ ನಡೆಯಿತು. ಆ ಮಾದರಿಯನ್ನು ಹಾರಿಸುವಾಗ, 1970ರ ಜನವರಿ 10ರಂದು, ದಾಸ್ ತೀರಿಕೊಂಡರು.

ರಸ್ತೆಯ ಹೆಸರು ಯಾರದೆಂದು ಅಂಗಡಿಯಲ್ಲಿ ಕೇಳಿದೆ. ಬಂಗಾಳದ ಸ್ವಾತಂತ್ರ್ಯ ಹೋರಾಟಗಾರರಿರಬೇಕು ಎಂದರು.

12

ಮೊದಲು ಲ್ಯಾಪ್‌ಟಾಪಿನ ಪ್ರೊಸೆಸರನ್ನೂ ಬದಲಾಯಿಸಬಹುದಿತ್ತು. ಸಾಕೆಟ್ಟಿನ ಪಕ್ಕ ಒಂದು ಸ್ಕ್ರೂ. ಅರ್ಧ ಸುತ್ತು ತಿರುಗಿಸಿದರೆ ಚಿಪ್ ಸಡಿಲವಾಗುತ್ತಿತ್ತು. ಐ3 ತೆಗೆದು ಎಸ್‌ಪಿ ರೋಡಿನಿಂದ ತಂದ ಸೆಕೆಂಡ್ ಹ್ಯಾಂಡ್ ಐ5 ಕೂರಿಸುತ್ತಿದ್ದರು. ಇಂಟೆಲ್‌ನಲ್ಲಿ ಇದು 2013ರ ನಾಲ್ಕನೇ ಜನರೇಷನ್ನಿನವರೆಗೆ ನಡೆಯಿತು. ಐದನೆಯದರಿಂದ ಲ್ಯಾಪ್‌ಟಾಪ್ ಚಿಪ್‌ಗಳನ್ನೆಲ್ಲ ಬೋರ್ಡಿಗೇ ಬೆಸೆದರು.

ಎಸ್‌ಪಿ ರೋಡ್ ಎಂದರೆ ಸಾದರ ಪತ್ರಪ್ಪ ರಸ್ತೆ.

13

ಇಂಟೆಲ್‌ನ ಆರನೇ ಜನರೇಷನ್ನಿನ 15 ವ್ಯಾಟ್ ಚಿಪ್‌ನ ಹೊಟ್ಟೆಯಡಿ 1,356 ಬೆಸುಗೆಯ ಗುಂಡುಗಳು. ರಾಗಿಕಾಳಿಗಿಂತ ಚಿಕ್ಕವು. ಒಂದು ಬಿಟ್ಟುಕೊಂಡರೂ ಯಂತ್ರ ಆನ್ ಆಗದಿರಬಹುದು. ಚಿಪ್ ಎತ್ತಿ, ಹಳೆಯ ಬೆಸುಗೆ ಒರೆಸಿ, ತೂತಿನ ತಗಡು ಇಟ್ಟು, ಹೊಸ ಗುಂಡುಗಳನ್ನು ಉದುರಿಸಿ ಕೂರಿಸುವ ಕೆಲಸಕ್ಕೆ ರೀಬಾಲಿಂಗ್ ಎನ್ನುತ್ತಾರೆ. ಹುಡುಗರು ಇದನ್ನು ಕೆಲಸ ಮಾಡುತ್ತಲೇ ಕಲಿಯುತ್ತಾರೆ. ಉಸಿರು ಬಿಗಿಹಿಡಿದು ಕೂತಿರುತ್ತಾರೆ, ಮಾತಾಡಿಸಬಾರದು.

14

ಕೋಡಿಹಳ್ಳಿಯಲ್ಲಿ ಎನ್‌ಎಎಲ್, ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ. 1986ರಲ್ಲಿ ಎನ್‌ಎಎಲ್‌ನವರು ಫ್ಲೋಸಾಲ್ವರ್ ಎಂಬ ಕಂಪ್ಯೂಟರ್ ಕಟ್ಟಿದರು. ವಿಮಾನದ ರೆಕ್ಕೆಯ ಮೇಲೆ ಗಾಳಿ ಹೇಗೆ ಹರಿಯುತ್ತದೆ ಎಂಬ ಲೆಕ್ಕಕ್ಕೆ ದೊಡ್ಡ ಯಂತ್ರ ಬೇಕಿತ್ತು. ಕ್ರೇಯಂಥ ಸೂಪರ್ ಕಂಪ್ಯೂಟರನ್ನು ಅಮೆರಿಕದಿಂದ ತರಿಸುವುದು ಸುಲಭವಿರಲಿಲ್ಲ. ಯು. ಎನ್. ಸಿನ್ಹಾ ಮತ್ತು ಜೊತೆಯವರು ಬಳಸಿದ್ದು ಇಂಟೆಲ್ 8086. ಅದು 1978ರ ಚಿಪ್, 29,000 ಟ್ರಾನ್ಸಿಸ್ಟರ್. ಆಗಲೇ ಎಂಟು ವರ್ಷ ಹಳೆಯದು. ಪ್ರತಿಯೊಂದಕ್ಕೂ ಲೆಕ್ಕಕ್ಕೆಂದೇ ಇರುವ 8087 ಚಿಪ್ ಜೊತೆ ಕೊಟ್ಟರು. ಅಂಥ ನಾಲ್ಕನ್ನು ಒಟ್ಟಿಗೆ ದುಡಿಸಿದರು.

ದೇಶದ ಮೊದಲ ಪ್ಯಾರಲಲ್ ಕಂಪ್ಯೂಟರ್ ಅದು. ಪುಣೆಯ ಸೂಪರ್ ಕಂಪ್ಯೂಟರ್ ಪರಮ್ 8000 ಬಂದದ್ದು ಐದು ವರ್ಷದ ನಂತರ, 1991ರಲ್ಲಿ. ಪರಮ್ ಹೆಸರು ಶಾಲೆಯ ಮಕ್ಕಳಿಗೂ ಗೊತ್ತು. ಫ್ಲೋಸಾಲ್ವರ್ ಬಗ್ಗೆ ಕೋಡಿಹಳ್ಳಿಯಲ್ಲೇ ಹೇಳುವವರು ಕಡಿಮೆ. ಹೇಳಬೇಕಾದ ಸಂಗತಿ ಎಂದು ನನಗೆ ಅನಿಸುತ್ತದೆ.

ನಾಲ್ಕು ಚಿಪ್ ಜೋಡಿಸಿದರೆ ವೇಗ ನಾಲ್ಕು ಪಟ್ಟು ಆಗುವುದಿಲ್ಲ. ಒಂದು ಇನ್ನೊಂದಕ್ಕಾಗಿ ಕಾಯುತ್ತದೆ. ಕಾಯುವುದನ್ನು ಕಡಿಮೆ ಮಾಡುವ ಹಾಗೆ ಲೆಕ್ಕವನ್ನು ಹಂಚುವುದು ಕಷ್ಟದ ಕೆಲಸ. ಮುಂದಿನ ಮಾದರಿಗಳಲ್ಲಿ ಹವಾಮಾನ ಮುನ್ಸೂಚನೆಯ ಲೆಕ್ಕಗಳನ್ನೂ ಓಡಿಸಿದರು.

15

ಬೈಯಪ್ಪನಹಳ್ಳಿಯ ಹತ್ತಿರ, ಹಳೆ ಮದರಾಸು ರಸ್ತೆಯಲ್ಲಿ, ಪರಮ್ ಕಟ್ಟಿದ ಸಿ-ಡ್ಯಾಕ್‌ನ ನಾಲೆಡ್ಜ್ ಪಾರ್ಕ್. ಪರಮ್ ಪದ್ಮ ಅಲ್ಲಿತ್ತು. 2003ರ ಜೂನ್‌ನಲ್ಲಿ ಪ್ರಪಂಚದ 500 ದೊಡ್ಡ ಕಂಪ್ಯೂಟರುಗಳ ಪಟ್ಟಿಯಲ್ಲಿ ಅದಕ್ಕೆ 171ನೇ ಸ್ಥಾನ. ಗರಿಷ್ಠ ವೇಗ ಸುಮಾರು ಒಂದು ಟೆರಾಫ್ಲಾಪ್, ಸೆಕೆಂಡಿಗೆ ಒಂದು ಲಕ್ಷ ಕೋಟಿ ಲೆಕ್ಕ.

ಇಂದು ಮಧ್ಯಮ ಬೆಲೆಯ ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಭಾಗವೊಂದೇ, ಅಷ್ಟು ನಿಖರತೆ ಬೇಡದ ಲೆಕ್ಕಗಳಲ್ಲಿ, ಆ ಸಂಖ್ಯೆಯನ್ನು ದಾಟುತ್ತದೆ. ಅಂಥದ್ದೊಂದು ಅಂಗಡಿಯ ಮೇಜಿನ ಮೇಲೆ ಕೀಬೋರ್ಡಿಗೆ ಚಹಾ ಬಿದ್ದು ಬಂದಿತ್ತು.

16

ಜೀವನ್ ಬಿಮಾ ನಗರಕ್ಕೆ ಹೆಸರು ಬಂದದ್ದು ಭಾರತೀಯ ಜೀವ ವಿಮಾ ನಿಗಮದ ವಸತಿಯಿಂದ. ನಿಗಮ ಹುಟ್ಟಿದ್ದು 1956ರಲ್ಲಿ. ದೇಶದಲ್ಲಿ ಕಂಪ್ಯೂಟರಿಗೆ ಕೈ ಹಾಕಿದ ಮೊದಲ ಸಂಸ್ಥೆಗಳಲ್ಲಿ ಅದೂ ಒಂದು. 1960ರ ದಶಕದಲ್ಲಿ ಕೋಲ್ಕತ್ತಾದ ಕಚೇರಿಗೆ ಕಂಪ್ಯೂಟರ್ ಬರಬಾರದೆಂದು ನೌಕರರು ದೊಡ್ಡ ಚಳವಳಿ ಹೂಡಿದರು. ಕೆಲಸ ಹೋಗುತ್ತದೆಂಬ ಭಯ.

17

ಚಿಪ್ ಕಂಪನಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದದ್ದು 1985ರಲ್ಲಿ. ಅದರ ಉಪಗ್ರಹ ಡಿಶ್ ಎತ್ತಿನ ಗಾಡಿಯಲ್ಲಿ ಬಂತೆಂದು ಇಂದಿಗೂ ಹೇಳುತ್ತಾರೆ. ಈಗ ಕಂಪನಿ ಪಕ್ಕದ ಸಿ. ವಿ. ರಾಮನ್ ನಗರದಲ್ಲಿದೆ. ಇಂಟೆಲ್‌ನ ಒಂದು ವಿಳಾಸ ಹಿಂದೆ ಹಳೆ ವಿಮಾನ ನಿಲ್ದಾಣ ರಸ್ತೆ.

ಇಂಟೆಲ್‌ನವರು ಒಂದು ಪ್ರೊಸೆಸರಿಗೆ ‘ವೈಟ್‌ಫೀಲ್ಡ್’ ಎಂದು ಹೆಸರಿಟ್ಟಿದ್ದರು. ವಿನ್ಯಾಸ ಬೆಂಗಳೂರಿನದು, ಹೆಸರೂ ಇಲ್ಲಿಯದೇ. ನಾಲ್ಕು ಕೋರ್ ಇರಬೇಕಿತ್ತು. 2005ರಲ್ಲಿ ಅದನ್ನು ಕೈಬಿಟ್ಟರು. ಮೂರು ವರ್ಷ ಕಳೆದು, 2008ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ರೂಪಿಸಿದ ಇನ್ನೊಂದು ಚಿಪ್ ಬಂತು: ಜಿಯಾನ್ 7400, ಒಳಹೆಸರು ಡನ್ನಿಂಗ್ಟನ್. ಆರು ಕೋರ್, 190 ಕೋಟಿ ಟ್ರಾನ್ಸಿಸ್ಟರ್. ಅದು ಸರ್ವರ್‌ಗಳಿಗೆ. ಆದರೆ ಅದರ ಒಂದೊಂದು ಕೋರೂ ಅದೇ ವರ್ಷದ ಕೋರ್ 2 ಡುಯೋ ಲ್ಯಾಪ್‌ಟಾಪುಗಳಲ್ಲಿದ್ದ ಪೆನ್ರಿನ್ ಕುಲದ್ದೇ.

ಕೋರ್ 2 ಡುಯೋ ಲ್ಯಾಪ್‌ಟಾಪ್ ಈಗಲೂ ಒಮ್ಮೊಮ್ಮೆ ಅಂಗಡಿಗೆ ಬರುತ್ತದೆ. ಬಿಡಿಭಾಗಕ್ಕೆ ಎಂದು ಪಕ್ಕಕ್ಕಿಡುತ್ತಾರೆ.

18

ಅಳತೆ ಕೊಟ್ಟು ಹೊಲಿಸಿದ ಪ್ರೊಸೆಸರುಗಳೂ ಇವೆ.

2008ರ ಜನವರಿಯಲ್ಲಿ ಆಪಲ್ ಮ್ಯಾಕ್‌ಬುಕ್ ಏರ್ ತೋರಿಸಿತು. ತೆಳ್ಳಗಿನ ಮೈಯೊಳಗೆ ಹಿಡಿಸಲು ಇಂಟೆಲ್ ತನ್ನ ಕೋರ್ 2 ಡುಯೋದ ಕವಚವನ್ನು ಶೇ. 60ರಷ್ಟು ಚಿಕ್ಕದು ಮಾಡಿಕೊಟ್ಟಿತು. ಒಳಗಿನ ಸಿಲಿಕಾನ್ ಅದೇ.

2019ರಲ್ಲಿ ಮೈಕ್ರೋಸಾಫ್ಟ್ ತನ್ನ ಸರ್ಫೇಸ್ ಲ್ಯಾಪ್‌ಟಾಪ್ 3ಕ್ಕೆ ಎಎಂಡಿಯಿಂದ ಬೇರೆ ರೈಜನ್ ಮಾಡಿಸಿಕೊಂಡಿತು. ರೈಜನ್ 5ರಲ್ಲಿ ಸಾಮಾನ್ಯವಾಗಿ ಎಂಟು ಗ್ರಾಫಿಕ್ಸ್ ಘಟಕ, ಇದರಲ್ಲಿ ಒಂಬತ್ತು. ಒಂದೇ ಒಂದು ಹೆಚ್ಚು.

2020ರ ನವೆಂಬರಿನಲ್ಲಿ ಆಪಲ್ ತನ್ನದೇ ಎಂ1 ಹಾಕಿತು. ರ‍್ಯಾಮ್ ಬೋರ್ಡಿನ ಮೇಲಿಂದ ಪ್ರೊಸೆಸರಿನ ಕವಚದೊಳಕ್ಕೆ ಬಂತು. ದಾರಿ ಹತ್ತಿರವಾದರೆ ವಿದ್ಯುತ್ ಕಡಿಮೆ ಸಾಕು, ಶಾಖವೂ ಕಡಿಮೆ. ಆ ವರ್ಷದ ಎಂ1 ಮ್ಯಾಕ್‌ಬುಕ್ ಏರ್‌ಗೆ ಫ್ಯಾನೇ ಇಲ್ಲ. 2024ರಲ್ಲಿ ಇಂಟೆಲ್ ಕೂಡ ಲೂನಾರ್ ಲೇಕ್ ಚಿಪ್‌ನಲ್ಲಿ ರ‍್ಯಾಮನ್ನು ಕವಚದೊಳಗೆ ಇಟ್ಟಿತು: 16 ಜಿಬಿ ಅಥವಾ 32. ಕೊಳ್ಳುವ ದಿನ ಆರಿಸಿದ್ದೇ ಕೊನೆಯವರೆಗೆ.

19

‘ಇದಕ್ಕೆ ರ‍್ಯಾಮ್ ಹೆಚ್ಚು ಮಾಡಕ್ಕಾಗುತ್ತಾ ಅಣ್ಣ?’

ಅಂಗಡಿಯವರು ಹಿಂಬದಿಯ ಮುಚ್ಚಳ ತೆಗೆದು ತೋರಿಸಿದರು. ಸ್ಲಾಟ್ ಇರಬೇಕಾದ ಜಾಗದಲ್ಲಿ ಬ್ಯಾಟರಿ ಇತ್ತು.

ಬಹಳ ಚೆನ್ನಾಗಿರೋ ಯಂತ್ರ, ನಮಗೇ ಕೆಲಸ ಇಲ್ಲ ಎಂದರು. ಬೇಸರದಿಂದ ಹೇಳಿದ ಹಾಗೆ ಕಾಣಲಿಲ್ಲ.

20

ಚೀನಾದಲ್ಲಿ 51ಎನ್‌ಬಿ ಎಂಬ ಹವ್ಯಾಸಿಗಳ ಬಳಗ. ಅವರು 2010ರ ಥಿಂಕ್‌ಪ್ಯಾಡ್ ಎಕ್ಸ್201ರ ಮೈಯೊಳಗೆ ಕೂರುವಂಥ ಹೊಸ ಮದರ್‌ಬೋರ್ಡ್ ಮಾಡಿದರು. ಪ್ರೊಸೆಸರ್ ಎಂಟನೇ ಜನರೇಷನ್, ಕೀಬೋರ್ಡ್ ಹಳೆಯದು. ಹೆಸರು ಎಕ್ಸ್210. ಹಳೆಯ ಕೀಲಿಗಳ ಮೇಲಿನ ಪ್ರೀತಿಗೆ ಇಷ್ಟು ಮಾಡುವವರಿದ್ದಾರೆ.

21

ಒಂದು ಡಿಟಿಪಿ ಅಂಗಡಿ. ಬಾಡಿಗೆ ಕರಾರು, ಗೃಹಪ್ರವೇಶದ ಆಹ್ವಾನ, ಶ್ರದ್ಧಾಂಜಲಿ ಕಾರ್ಡು. ಕಂಪ್ಯೂಟರ್ ವಿಂಡೋಸ್ ಎಕ್ಸ್‌ಪಿಯದು. 2014ರ ಏಪ್ರಿಲ್‌ನಲ್ಲಿ ಎಕ್ಸ್‌ಪಿಗೆ ಮೈಕ್ರೋಸಾಫ್ಟ್‌ನ ಬೆಂಬಲ ನಿಂತಿತು. ಒಳಗೆ ಪುಟ ಜೋಡಿಸುವ ಪೇಜ್‌ಮೇಕರ್ 7 ಮತ್ತು ಕನ್ನಡ ಟೈಪ್ ಮಾಡುವ ‘ನುಡಿ’. ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ. ಅದರ ನಂತರದ ಆವೃತ್ತಿ ಬರಲಿಲ್ಲ. ಇಂಟರ್ನೆಟ್ ಜೋಡಿಸಿಲ್ಲ.

ಆ ಯಂತ್ರ ಸ್ಲೋ ಅಲ್ಲ. ಆಹ್ವಾನಪತ್ರಿಕೆ ತಕ್ಷಣ ತೆರೆಯಿತು, ‘ಚಿ.ರಾ.’ ಎಂದಿದ್ದದ್ದನ್ನು ‘ಚಿ.ಸೌ.’ ಎಂದು ತಿದ್ದಿ ಪ್ರಿಂಟ್ ಕೊಟ್ಟರು. ಇಪ್ಪತ್ತು ವರ್ಷದಿಂದ ಅದಕ್ಕೆ ಹೊಸ ಕೆಲಸ ಯಾರೂ ಹೇಳಿಲ್ಲ.

ಪಕ್ಕದಲ್ಲಿ ಹೊಸ ಲ್ಯಾಪ್‌ಟಾಪ್ ಇದೆ. ವಾಟ್ಸ್ಆ್ಯಪ್‌ನಲ್ಲಿ ಬಂದದ್ದನ್ನು ಇಳಿಸಿಕೊಳ್ಳಲು.

22

ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಇಂಟೆಲ್‌ನ ಎಂಟನೇ ಜನರೇಷನ್ ಅಥವಾ ಮುಂದಿನದು ಬೇಕು. ಎಂಟನೆಯದು ಬಂದದ್ದು 2017ರ ಆಗಸ್ಟ್‌ನಲ್ಲಿ. ಅಂಗಡಿಗಳಲ್ಲಿ ಏಳನೆಯದು ಆಮೇಲೂ ಬಹಳ ದಿನ ಮಾರಾಟವಾಯಿತು.

ಏಳನೆಯದರಲ್ಲಿ ಕೆಲವೇ ಚಿಪ್‌ಗಳಿಗೆ ಅವಕಾಶ. ಅವುಗಳಲ್ಲಿ ಒಂದು ಐ7-7820ಎಚ್‌ಕ್ಯೂ. ಅದು ಮೈಕ್ರೋಸಾಫ್ಟ್‌ನ ಸರ್ಫೇಸ್ ಸ್ಟುಡಿಯೋ 2ರಲ್ಲಿದ್ದ ಚಿಪ್.

23

ಆಫೀಸುಗಳು ಬಿಟ್ಟ ಲ್ಯಾಪ್‌ಟಾಪುಗಳಿಗೆ ಅಂಗಡಿಯಲ್ಲಿ ‘ಕಾರ್ಪೊರೇಟ್ ಪೀಸ್’ ಎನ್ನುತ್ತಾರೆ. ಕೆಲವುಗಳ ಮೇಲೆ ಯಾವುದೋ ಕಂಪನಿಯ ಆಸ್ತಿ ಸಂಖ್ಯೆಯ ಸ್ಟಿಕ್ಕರ್ ಇನ್ನೂ ಇರುತ್ತದೆ, ಅರ್ಧ ಕಿತ್ತದ್ದು. ಕೊಳ್ಳುವವರು ಪಿಜಿಗಳಲ್ಲಿರುವ ಹುಡುಗ ಹುಡುಗಿಯರು. ಕೆಲಸ ಹುಡುಕಲು.

24

ನಿವೃತ್ತರೊಬ್ಬರು. ವಿಮಾನದ ಎಂಜಿನ್ ವಿಭಾಗದಲ್ಲಿ ದುಡಿದವರು. ಹಳೆಯ ಲ್ಯಾಪ್‌ಟಾಪಿಗೆ ವಿಂಡೋಸ್ ಬದಲು ಲಿನಕ್ಸ್ ಹಾಕಿಸಿಕೊಂಡು ಹೋದರು. ಕನ್ನಡದಲ್ಲಿ ಟೈಪ್ ಮಾಡಬೇಕು, ಮೊಮ್ಮಗನ ಜೊತೆ ಮಾತಾಡಬೇಕು, ಬ್ಯಾಂಕಿನ ಲೆಕ್ಕ ನೋಡಬೇಕು. ಮೂರೂ ನಡೆಯುತ್ತವೆ. ಎರಡು ಜಿಬಿ ರ‍್ಯಾಮಿಗೆ ಇನ್ನೆರಡು ಸೇರಿಸಿದ್ದಾರೆ.

ತಾಪಮಾನ ತೋರಿಸುವ ಪ್ರೋಗ್ರಾಮನ್ನು ಪರದೆಯ ಮೂಲೆಯಲ್ಲಿ ಸದಾ ತೆರೆದಿಡುತ್ತಾರೆ. ‘ಓಡೋ ಯಂತ್ರ ಅಂದಮೇಲೆ ಟೆಂಪರೇಚರ್ ನೋಡ್ತಿರಬೇಕು ಸಾರ್.’

25

32 ಬಿಟ್ ಯಂತ್ರಗಳಿಗೆ ಲಿನಕ್ಸಿನಲ್ಲೂ ಜಾಗ ಕಡಿಮೆಯಾಗುತ್ತಿದೆ. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13 ಅವುಗಳಿಗೆ ಇನ್‌ಸ್ಟಾಲರ್ ಕೊಡುವುದನ್ನು ನಿಲ್ಲಿಸಿತು.

26

2025ರ ನವೆಂಬರಿನಲ್ಲಿ ರಾಜ್ಯದ ಕಿಯೋನಿಕ್ಸ್ ಸಂಸ್ಥೆ ‘ಕಿಯೋ’ ಎಂಬ ಪುಟ್ಟ ಕಂಪ್ಯೂಟರ್ ತೋರಿಸಿತು. ಒಳಗೆ ರಿಸ್ಕ್-ಫೈವ್ ಪ್ರೊಸೆಸರ್, ಲಿನಕ್ಸ್. ರಿಸ್ಕ್-ಫೈವ್ ಎಂದರೆ ಯಾರು ಬೇಕಾದರೂ ಪರವಾನಗಿ ಹಣ ಕೊಡದೆ ಬಳಸಬಹುದಾದ ಸೂಚನೆಗಳ ಪಟ್ಟಿ; 2010ರಲ್ಲಿ ಬರ್ಕ್‌ಲಿಯಲ್ಲಿ ಶುರುವಾದದ್ದು. ಮದರಾಸು ಐಐಟಿಯ ಶಕ್ತಿ ಪ್ರೊಸೆಸರೂ ಅದೇ ಪಟ್ಟಿಯದು.

ಇದರ ಬಗ್ಗೆ ರಿಪೇರಿ ಅಂಗಡಿಯಲ್ಲಿ ಕೇಳಿದ ಪ್ರಶ್ನೆ ಒಂದೇ: ‘ಬಿಡಿಭಾಗ ಸಿಗುತ್ತಾ?’

27

ಹಳೆಯ ಲ್ಯಾಪ್‌ಟಾಪ್ ಮನೆಯಲ್ಲಿದ್ದವರಿಗೆ, ಮೇಜಿನ ಆಚೆ ಕೂತವರು ಹೇಳಿದ ಕ್ರಮ. ಮೊದಲು ಅಡಾಪ್ಟರ್ ಬದಲಿಸಿ ನೋಡಿ, ಅದಕ್ಕೆ ದುಡ್ಡು ಬೇಕಿಲ್ಲ, ಪಕ್ಕದ ಮನೆಯವರ ಅದೇ ಕಂಪನಿಯ, ಅಷ್ಟೇ ವ್ಯಾಟಿನ ಅಡಾಪ್ಟರ್ ಸಾಕು. ಆಮೇಲೆ ಫ್ಯಾನು, ಪೇಸ್ಟು. ಆಮೇಲೆ ಎಸ್‌ಎಸ್‌ಡಿ. ರ‍್ಯಾಮ್ ಕೊನೆಗೆ. ಪ್ರೊಸೆಸರಿನ ಮಾತು ಆ ಪಟ್ಟಿಯಲ್ಲಿ ಬರಲಿಲ್ಲ. ಬ್ಯಾಟರಿ ಉಬ್ಬಿದ್ದರೆ ಮಾತ್ರ ಇವೆಲ್ಲಕ್ಕಿಂತ ಮೊದಲು ಅದನ್ನು ತೆಗೆಸಿ; ಬೆಂಕಿ ಹತ್ತಬಹುದು.

ತೆಗೆದ ಹಾರ್ಡ್ ಡಿಸ್ಕನ್ನು ಅಂಗಡಿಯಲ್ಲಿ ಬಿಟ್ಟು ಬರಬೇಡಿ. ಅದರಲ್ಲಿ ನಿಮ್ಮ ಮನೆಯವರ ಫೋಟೋ, ಆಧಾರ್ ಪ್ರತಿ, ಬ್ಯಾಂಕಿನ ಕಾಗದ ಎಲ್ಲ ಇರುತ್ತವೆ. ಕೇಳಿದರೆ ಕೊಡುತ್ತಾರೆ.